ಗೌರಿ ಎರಡು ಸಲ ಬರುವ ಊರಿನಲ್ಲಿ

(ಮಹಿಳಾ ವಿಭಾಗದ ಶ್ರಾವಣ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಹಲವು ಸಂಸ್ಕೃತಿಗಳ ನಗರದಲ್ಲಿ ನಮ್ಮ ಹಬ್ಬ’. ವಿಷಯ ಬಹಳ ದೊಡ್ಡದು, ಕೊಟ್ಟಿರುವ ಸಮಯ ಇಪ್ಪತ್ತೇ ನಿಮಿಷ. ಯುಗಾದಿಯಿಂದ ಶಿವರಾತ್ರಿಯವರೆಗೆ ಎಲ್ಲವನ್ನೂ ಹೇಳಲು ಹೋದರೆ ನಿಮ್ಮ ಚಹಾ ಆರಿಹೋಗುತ್ತದೆ. ಆದ್ದರಿಂದ ಒಂದೇ ಹಬ್ಬವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಇನ್ನೇನು ಬರಲಿರುವ ನಮ್ಮ ಗೌರಿ ಹಬ್ಬ.

ಗಣೇಶನನ್ನು ಬಿಟ್ಟು ಗೌರಿಯನ್ನೇ ಏಕೆ ಹಿಡಿದುಕೊಂಡೆ ಎಂದು ಕೇಳಬಹುದು. ಈ ಮುಂಬಯಿಯಲ್ಲಿ ಗಣೇಶನ ಬಗ್ಗೆ ಮಾತಾಡುವವರಿಗೆ ಬರವಿಲ್ಲ. ಲೋಕಮಾನ್ಯ ತಿಲಕರ ಪ್ರೇರಣೆಯಿಂದ ಗಣೇಶ ಬೀದಿಗೆ ಬಂದ. 1893ರಲ್ಲಿ ಗಿರಗಾಂವ್‌ನ ಕೇಶವಜೀ ನಾಯಕ್ ಚಾಳಿನಲ್ಲಿ ಶುರುವಾದ ಸಾರ್ವಜನಿಕ ಗಣೇಶೋತ್ಸವ ಇವತ್ತು ಗಲ್ಲಿ ಗಲ್ಲಿಯಲ್ಲೂ ಇದೆ. ಅವನಿಗೆ ಮಂಟಪವಿದೆ, ಬ್ಯಾಂಡ್ ಇದೆ, ವರ್ಗಣಿ ಕೇಳಲು ಬರುವ ಹುಡುಗರಿದ್ದಾರೆ. ಯಾವ ಜಾತಿ, ಯಾವ ಭಾಷೆಯವರಾದರೂ ಚಪ್ಪಲಿ ಬಿಟ್ಟು ಕೈಮುಗಿದು ಹೋಗಬಹುದು. ಗೌರಿ ಹಾಗಲ್ಲ. ಅವಳು ಬೀದಿಗೆ ಬರಲಿಲ್ಲ, ಮನೆಯೊಳಗೇ ಉಳಿದಳು. ಅವಳನ್ನು ನೋಡಬೇಕಾದರೆ ಯಾರಾದರೂ ಹೆಂಗಸು ಬಾಗಿಲು ತೆರೆದು “ಒಳಗೆ ಬನ್ನಿ” ಅನ್ನಬೇಕು. ಗಣೇಶನ ಹಬ್ಬಕ್ಕೆ ಊರು ಸೇರುತ್ತದೆ, ಗೌರಿ ಹಬ್ಬಕ್ಕೆ ಬಾಗಿಲು ತೆರೆಯಬೇಕಾಗುತ್ತದೆ. ಆ ಬಾಗಿಲನ್ನು ಯಾರಿಗೆ ತೆರೆಯುತ್ತೇವೆ ಅನ್ನುವುದೇ ನನ್ನ ಇವತ್ತಿನ ಮಾತು.

ನಾನು ತಿಪಟೂರು ಕಡೆಯವಳು. 1991ರಲ್ಲಿ ಮದುವೆಯಾಗಿ ಮುಲುಂಡಿಗೆ ಬಂದೆ. ಈಗ ನಾವಿರುವುದು ಏಳು ಮಹಡಿಯ ಕಟ್ಟಡದ ಮೂರನೇ ಮಹಡಿಯಲ್ಲಿ. ಮಹಡಿಗೆ ನಾಲ್ಕು ಮನೆ. ಎದುರಿಗೆ ಸಾತಾರಾ ಕಡೆಯ ಮರಾಠಿ ಕಾಕೂ, ಪಕ್ಕದಲ್ಲಿ ಗುಜರಾತಿ ಜೈನರ ಮನೆ, ಇನ್ನೊಂದರಲ್ಲಿ ಬಿಹಾರದವರು. ಕೆಳಗೆ ಮೊದಲ ಮಹಡಿಯಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಆಂಟಿ ಇದ್ದಾರೆ, ಕೊಂಕಣಿ, ತುಳು, ಕನ್ನಡ ಮೂರೂ ಬಲ್ಲವರು. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಹೆಚ್ಚಿನವರ ಕಟ್ಟಡವೂ ಹೀಗೇ ಇರುತ್ತದೆ.

2024ರ ಭಾದ್ರಪದದ ಒಂದು ವಾರವನ್ನೇ ನೋಡಿ. ಸೆಪ್ಟೆಂಬರ್ 6, ಶುಕ್ರವಾರ, ತದಿಗೆ. ನಮ್ಮ ಮನೆಯಲ್ಲಿ ಸ್ವರ್ಣಗೌರಿ. ಅದೇ ದಿನ ಎದುರು ಮನೆಯ ಕಾಕೂ ಮತ್ತು ಅವರ ಸೊಸೆಗೆ ಹರತಾಲಿಕೆ. ಮರಳಿನ ಲಿಂಗ ಮಾಡಿ, ಪಾರ್ವತಿಯನ್ನೂ ಅವಳ ಸಖಿಯನ್ನೂ ಇಟ್ಟು, ಪತ್ರೆ ಏರಿಸಿ ಪೂಜೆ. ಬಿಹಾರದ ಭಾಬಿಗೆ ಅದೇ ತೀಜ್, ನೀರೂ ಮುಟ್ಟದ ಉಪವಾಸ. ಪಕ್ಕದ ಜೈನರಿಗೆ ಪರ್ಯುಷಣದ ಕೊನೆಯ ದಿನಗಳು. ಆ ಮನೆಯ ಬೆನ್ ಎಂಟು ದಿನದ ಉಪವಾಸದಲ್ಲಿದ್ದರು, ಕಾಯಿಸಿದ ನೀರು ಬಿಟ್ಟರೆ ಬೇರೇನೂ ಇಲ್ಲ. ಮರುದಿನ ಗಣೇಶ ಬಂದ. ಅದರ ಮರುದಿನ ಸೆಪ್ಟೆಂಬರ್ 8, ಕೆಳಗಿನ ಆಂಟಿಗೆ ಮೋಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಮಾತೆ ಮೇರಿಗೆ ಹೂ ಅರ್ಪಿಸಿ, ಹತ್ತನೇ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ತಂದು, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅವತ್ತು ಅವರ ಮನೆಯಲ್ಲೂ ಸಸ್ಯಾಹಾರದ ಊಟ. ಇನ್ನೆರಡು ದಿನ ಕಳೆದು 10ನೇ ತಾರೀಖು ಕಾಕೂ ಮನೆಗೆ ಜ್ಯೇಷ್ಠಾ ಗೌರಿ ಬಂದಳು. 11ಕ್ಕೆ ಪೂಜೆ, 12ಕ್ಕೆ ವಿಸರ್ಜನೆ. ಈದ್ ಮಿಲಾದ್ 16ಕ್ಕಿತ್ತು, ಅನಂತ ಚತುರ್ದಶಿ 17ಕ್ಕೆ. ಎರಡು ಮೆರವಣಿಗೆಗೂ ರಸ್ತೆ ಸಿಗಲಿ ಎಂದು ಮುಂಬಯಿಯ ಮುಸ್ಲಿಮರು ತಮ್ಮ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಸರ್ಕಾರವೂ ಮುಂಬಯಿಗೆ ಈದ್ ರಜೆಯನ್ನು 18ಕ್ಕೆ ಬದಲಿಸಿತು. ಹನ್ನೆರಡೇ ದಿನಗಳಲ್ಲಿ ಇಷ್ಟೆಲ್ಲ! ತಿಪಟೂರಿನಲ್ಲಿ ನಾನು ಬೆಳೆದ ಬೀದಿಯಲ್ಲಿ ಗೌರಿ ಹಬ್ಬವೆಂದರೆ ಇಡೀ ಬೀದಿಗೇ ಗೌರಿ ಹಬ್ಬ. ಇಲ್ಲಿ ಒಂದು ಮನೆಯಲ್ಲಿ ಒಬ್ಬಟ್ಟು ಬೇಯುವಾಗ ಪಕ್ಕದ ಮನೆಯಲ್ಲಿ ಒಲೆಯೇ ಹೊತ್ತಿರುವುದಿಲ್ಲ.

ಇಂಥ ಊರಿನಲ್ಲಿ ಎರಡು ದಾರಿ ಸುಲಭ. ಒಂದು, ನಮ್ಮ ಪಾಡಿಗೆ ನಾವು ಬಾಗಿಲು ಹಾಕಿಕೊಂಡು ಹಬ್ಬ ಮಾಡುವುದು. ಇನ್ನೊಂದು, ನಮ್ಮದನ್ನು ಬಿಟ್ಟು ಕಟ್ಟಡದ ಗಣಪತಿ, ನವರಾತ್ರಿಯ ಗರ್ಬಾ ಇಷ್ಟರಲ್ಲೇ ಸೇರಿಹೋಗುವುದು. ಎರಡರಲ್ಲೂ ತಪ್ಪಿಲ್ಲ, ಆದರೆ ಎರಡರಲ್ಲೂ ನಷ್ಟವಿದೆ. ಮೊದಲನೆಯದರಲ್ಲಿ ಹಬ್ಬ ಉಳಿಯುತ್ತದೆ, ಅದರ ಅರ್ಥ ಯಾರೂ ಕೇಳದೆ ಸವೆದುಹೋಗುತ್ತದೆ. ಎರಡನೆಯದರಲ್ಲಿ ಗದ್ದಲ ಉಳಿಯುತ್ತದೆ, ಗೌರಿ ಹೋಗುತ್ತಾಳೆ. ನಾನು ಹೇಳಲು ಬಂದಿರುವುದು ಮೂರನೆಯದು. ಬಾಗಿಲು ತೆರೆದು, ನಮ್ಮ ಹಬ್ಬವನ್ನು ನಮ್ಮದಲ್ಲದವರಿಗೆ ವಿವರಿಸಿ ಹೇಳುವುದು. ಹಾಗೆ ಹೇಳಹೊರಟಾಗಲೇ ಅದರಲ್ಲಿ ತಿರುಳು ಯಾವುದು, ಸಿಪ್ಪೆ ಯಾವುದು ಎಂದು ನಮಗೆ ತಿಳಿಯುತ್ತದೆ.

ಮದುವೆಯಾದ ಹೊಸತರಲ್ಲಿ ಎದುರು ಮನೆಯ ಕಾಕೂ ನಮ್ಮ ಗೌರಿಯನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, “ಅಗ, ತುಮಚೀ ಗೌರಿ ಇತಕ್ಯಾ ಲೌಕರ ಕಶೀ ಆಲೀ?” ನಿಮ್ಮ ಗೌರಿ ಇಷ್ಟು ಬೇಗ ಹೇಗೆ ಬಂದುಬಿಟ್ಟಳು ಎಂದು. ಅವರ ಗೌರಿ ಬರುವುದು ಗಣಪತಿ ಬಂದ ಮೇಲೆ, ಅನುರಾಧಾ ನಕ್ಷತ್ರದ ದಿನ. ಜ್ಯೇಷ್ಠಾ ನಕ್ಷತ್ರದಲ್ಲಿ ಪೂಜೆ, ಮೂಲಾ ನಕ್ಷತ್ರದಲ್ಲಿ ಬೀಳ್ಕೊಡುಗೆ. ನಾನು ಹೇಳಿದೆ, “ಕಾಕೂ, ನಮ್ಮಲ್ಲಿ ಗೌರಿ ಗಣೇಶನ ತಾಯಿ. ವರ್ಷಕ್ಕೊಂದು ಸಲ ತವರಿಗೆ ಬರ್ತಾಳೆ. ಅಮ್ಮ ಎಲ್ಲಿ ಹೋದಳು ಅಂತ ಮಾರನೇ ದಿನ ಮಗ ಹುಡುಕಿಕೊಂಡು ಬರ್ತಾನೆ, ಕರಕೊಂಡು ಹೋಗೋಕೆ.” ಕಾಕೂ ನಕ್ಕುಬಿಟ್ಟರು. “ಒಂದೇ ದಿನವಾ ತವರಲ್ಲಿ? ಪಾಪ! ನಮ್ಮವಳು ಮೂರು ದಿನ ಇರ್ತಾಳೆ ನೋಡು. ಅಕ್ಕ ತಂಗಿ ಇಬ್ಬರೂ ಬರ್ತಾರೆ” ಎಂದರು. ಅವರ ಮನೆಯಲ್ಲಿ ಜ್ಯೇಷ್ಠಾ, ಕನಿಷ್ಠಾ ಎಂದು ಎರಡು ಮುಖವಾಡಗಳಿಗೆ ಸೀರೆ ಉಡಿಸಿ ನಿಲ್ಲಿಸುತ್ತಾರೆ. ಬಾಗಿಲಿನಿಂದ ದೇವರ ಮನೆಯವರೆಗೆ ರಂಗೋಲಿಯಲ್ಲಿ ಪುಟ್ಟ ಪಾದಗಳು. ಗೌರಿಯನ್ನು ಎತ್ತಿಕೊಂಡು ಒಳಗೆ ಬರುವಾಗ ಅಡುಗೆಮನೆ, ಉಗ್ರಾಣ, ಮಲಗುವ ಕೋಣೆ ಎಲ್ಲ ತೋರಿಸುತ್ತಾರೆ. ತವರಿಗೆ ಬಂದ ಮಗಳಿಗೆ ‘ನೋಡು, ಮನೆ ಹೇಗಿದೆ’ ಎಂದು ತೋರಿಸಿದ ಹಾಗೆ. ಅವತ್ತಿನ ನೈವೇದ್ಯ ಸಾದಾ ಭಾಕರಿ, ಪಲ್ಯ. ದಣಿದು ಬಂದ ಮಗಳಿಗೆ ಮೊದಲ ದಿನ ಹಗುರ ಊಟ, ಮರುದಿನ ಪುರಣ ಪೋಳಿ.

ತಿಥಿ ಬೇರೆ, ನಕ್ಷತ್ರ ಬೇರೆ, ರೂಪ ಬೇರೆ. ಆದರೆ ಎರಡು ಕಡೆಯೂ ಇರುವುದು ಒಂದೇ ಮಾತು: ಮಗಳು ತವರಿಗೆ ಬರುತ್ತಾಳೆ. ಇನ್ನೂ ಒಂದು ತಮಾಷೆ ನೋಡಿ. ನಮ್ಮ ಗೌರಿ ದಾರಕ್ಕೆ ಹದಿನಾರು ಗಂಟು. ಕಾಕೂ ಮನೆಯಲ್ಲಿ ಪೂಜೆಯ ದಿನ ಹದಿನಾರು ತರಕಾರಿ ಸೇರಿಸಿ ಪಲ್ಯ. ನಾವು ತೊಗರಿಬೇಳೆ ಒಬ್ಬಟ್ಟು ಮಾಡಿ, ಬೇಳೆ ಬಸಿದ ಕಟ್ಟಿನಲ್ಲಿ ಒಬ್ಬಟ್ಟಿನ ಸಾರು ಮಾಡುತ್ತೇವೆ. ಅವರು ಕಡಲೆಬೇಳೆ ಪುರಣ ಪೋಳಿ ಮಾಡಿ, ಅದರ ಕಟ್ಟಿನಲ್ಲಿ ಕಟಾಚಿ ಆಮಟಿ ಮಾಡುತ್ತಾರೆ. ಯಾವುದು ರುಚಿ ಎಂಬ ವಾದ ನಮ್ಮಿಬ್ಬರ ಮನೆಗಳ ನಡುವೆ ಮೂವತ್ತು ವರ್ಷದಿಂದ ನಡೆಯುತ್ತಿದೆ, ಇನ್ನೂ ತೀರ್ಪು ಬಂದಿಲ್ಲ.

ನಮ್ಮದೇ ತದಿಗೆಯ ದಿನ ಬರುವ ಹರತಾಲಿಕೆಯ ಕಥೆಯನ್ನೂ ನಾನು ಕಾಕೂ ಬಾಯಲ್ಲೇ ಕೇಳಿದ್ದು. ಹರಿತ ಎಂದರೆ ಒಯ್ಯಲ್ಪಟ್ಟವಳು, ಆಲಿ ಎಂದರೆ ಗೆಳತಿ. ಅಪ್ಪ ಪಾರ್ವತಿಯನ್ನು ವಿಷ್ಣುವಿಗೆ ಕೊಡಲು ಮಾತಾಡಿದಾಗ, ಶಿವನನ್ನೇ ಮನಸ್ಸಿನಲ್ಲಿ ವರಿಸಿದ್ದ ಅವಳನ್ನು ಗೆಳತಿ ಕಾಡಿಗೆ ಕರೆದೊಯ್ದು ಬಚ್ಚಿಡುತ್ತಾಳೆ. ಅಲ್ಲಿ ಅವಳು ಮರಳಿನ ಲಿಂಗ ಮಾಡಿ ತಪಸ್ಸು ಮಾಡುತ್ತಾಳೆ. ಅಂದರೆ ಗೌರಿಗೆ ಅವಳು ಬಯಸಿದ ಬಾಳು ಸಿಕ್ಕಿದ್ದು ಒಬ್ಬ ಗೆಳತಿಯಿಂದ. ಪೂಜೆಯಲ್ಲಿ ಆ ಗೆಳತಿಗೂ ಜಾಗವಿದೆ. ನಮ್ಮ ಗೌರಿ ಪೂಜೆಗೆ ಅಕ್ಕಪಕ್ಕದ ಹೆಂಗಸರು ಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಕಂಡಿಲ್ಲ.

ನಮ್ಮ ಸಂಘದೊಳಗೇ ಗೌರಿ ಒಬ್ಬಳಲ್ಲ, ಗಮನಿಸಿದ್ದೀರಾ? ನಮ್ಮ ಮೈಸೂರು, ತುಮಕೂರು, ಹಾಸನದ ಕಡೆಯವರಿಗೆ ತದಿಗೆ ಗೌರಿಯೇ ದೊಡ್ಡ ಹಬ್ಬ. ಧಾರವಾಡ, ಬೆಳಗಾವಿ ಕಡೆಯ ಅನೇಕ ಮನೆಗಳಲ್ಲಿ ಜ್ಯೇಷ್ಠಾ ಗೌರಿ ಬರುತ್ತಾಳೆ, ಅವಳನ್ನು ಮಹಾಲಕ್ಷ್ಮಿ ಎಂದೂ ಕರೆಯುತ್ತಾರೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಗೌರಿ ಪೂಜೆಯ ಪದ್ಧತಿಯೇ ಇಲ್ಲ, ಅವರಿಗೆ ಚೌತಿ ದೊಡ್ಡದು, ತೆನೆ ಹಬ್ಬ ದೊಡ್ಡದು. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ವಿಜಯಪುರ ಜಿಲ್ಲೆಯವರು. ನಮ್ಮ ಗೌರಿಯನ್ನು ನೋಡಿ ಅವರು ಹೇಳಿದ್ದು, “ಅಕ್ಕಾರ, ನಮ್ಮ ಗೌರಿ ಇನ್ನೂ ಬರಬೇಕ್ರಿ. ಕಾರ್ತೀಕದಾಗ ಗೌರಿ ಹುಣ್ಣಿಮಿಗಿ ಸಕ್ರಿ ಆರತಿ ಹಿಡಕೊಂಡು ಹೋಗೂದು ನಮ್ಮ ಹಬ್ಬ.” ಸಕ್ಕರೆ ಅಚ್ಚಿನ ಆನೆ, ಕುದುರೆ, ತೇರುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೆಣ್ಣುಮಕ್ಕಳು ಗೌರಿಗೆ ಆರತಿ ಒಯ್ಯುವುದನ್ನು ಅವರು ವರ್ಣಿಸುವಾಗ ಮುಖ ಅರಳುತ್ತಿತ್ತು. ಮುಂಬಯಿಯ ಕಟ್ಟಡಗಳನ್ನು ಕಟ್ಟಲು ಬಂದ ಕುಟುಂಬ ಅವರದು, ಅವರಿಗೂ ಇಲ್ಲಿ ತವರು ದೂರ. ಹಲವು ಸಂಸ್ಕೃತಿಯವರು ಎಂದಾಗ ನಮಗೆ ಗುಜರಾತಿ, ಬಂಗಾಳಿಗಳು ನೆನಪಾಗುತ್ತಾರೆ. ನಮ್ಮ ಪಾತ್ರೆ ತೊಳೆಯುವ ಕನ್ನಡದವಳಿಗೂ ಒಬ್ಬ ಗೌರಿ ಇದ್ದಾಳೆ ಎಂಬುದು ನೆನಪಾಗಬೇಕು.

ಇನ್ನು ಬಾಗಿನದ ಮಾತು. ನನ್ನ ಅಮ್ಮ ಇರುವವರೆಗೆ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಹದಿನೈದು ದಿನ ಮೊದಲು ಮನಿಯಾರ್ಡರ್ ಬರುತ್ತಿತ್ತು. ಅಮ್ಮ ಹೋದ ಮೇಲೆ ಅಣ್ಣ ಕಳಿಸುತ್ತಾನೆ, ಈಗ ಮೊಬೈಲಿನಲ್ಲಿ. ಮೊತ್ತ ದೊಡ್ಡದಲ್ಲ. ತವರಿನವರು ಗೌರಿ ಬಾಗಿನಕ್ಕೆ ದುಡ್ಡು ಕಳಿಸಿದರು ಎಂದು ಹೇಳಿಕೊಳ್ಳುವಾಗ ಇಲ್ಲಿರುವ ಎಪ್ಪತ್ತು ದಾಟಿದವರ ಮುಖದಲ್ಲೂ ಒಂದು ಬಿಂಕ ಇರುತ್ತದೆ, ನಾನು ನೋಡಿದ್ದೇನೆ.

ಆ ಬಾಗಿನದ ಮೊರದೊಳಗೆ ಏನಿದೆ ನೋಡಿ. ಮೊರ ಹೆಣೆದವರು ಇಲ್ಲಿಯ ಬುರುಡರು, ನಮ್ಮ ಕಡೆಯ ಮೇದಾರರಂತೆ ಬಿದಿರಿನ ಕೆಲಸದವರು. ಮರಾಠಿಯಲ್ಲೂ ಹಿಂದಿಯಲ್ಲೂ ಅದು ‘ಸೂಪ’. ಬಿಹಾರದ ಭಾಬಿ ಅದನ್ನು ನೋಡಿದೊಡನೆ “ಅರೆ, ಇದು ನಮ್ಮ ಛಟ್ ಪೂಜೆಯ ಸೂಪ್!” ಎಂದು ಕೂಗಿಬಿಟ್ಟರು. ಅವರು ಸೂರ್ಯನಿಗೆ ಅರ್ಘ್ಯ ಕೊಡುವುದು ಅದರಲ್ಲೇ ಹಣ್ಣು ತುಂಬಿ. ಅರಿಶಿನ ಸಾಂಗ್ಲಿಯದು, ಬೆಲ್ಲ ಕೊಲ್ಹಾಪುರದ್ದು, ಗಾಜಿನ ಬಳೆ ಉತ್ತರ ಪ್ರದೇಶದ ಫಿರೋಜಾಬಾದಿನದು, ಮಾರಿದ ಬಳೆಗಾರ ಮುಸ್ಲಿಮರವನು. ವೀಳ್ಯದೆಲೆ, ಬಾಳೆಎಲೆ, ಮಲ್ಲಿಗೆ ಮಾಟುಂಗಾ ಮಾರುಕಟ್ಟೆಯ ತಮಿಳರ ಅಂಗಡಿಯದು. ತೆಂಗಿನಕಾಯಿ ಮಾತ್ರ ನಮ್ಮ ತಿಪಟೂರಿನದೇ ಬೇಕೆಂದು ನಾನು ಹಟ ಹಿಡಿಯುತ್ತೇನೆ, ಅದೊಂದು ನನ್ನ ಹುಚ್ಚು. ಅಂಗಡಿಯವನು ಹೌದೆನ್ನುತ್ತಾನೆ, ನಂಬುತ್ತೇನೆ. ಮೊರದ ಒಳಗೇ ಇಷ್ಟು ಜನ ಇರುವಾಗ, ಅದನ್ನು ಕೊಡುವಾಗ ಮಾತ್ರ ನಮ್ಮವರು ಯಾರು ಎಂದು ಲೆಕ್ಕ ಹಾಕುವುದು ಹೇಗೆ?

ಲೆಕ್ಕ ಹಾಕುತ್ತೇವೆ, ಸುಳ್ಳೇಕೆ? ಬೇರೆ ಭಾಷೆಯವರಿಗೆ ಬಾಗಿಲು ತೆರೆಯುವುದು ಅಷ್ಟು ಕಷ್ಟವಲ್ಲ. ಕಷ್ಟವಾಗುವುದು ನಮ್ಮವರಲ್ಲೇ ಕೆಲವರಿಗೆ ತೆರೆಯುವಾಗ.

ನಮ್ಮ ಮಾವನವರು 2004ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಪ್ರತಿ ವರ್ಷ ನನ್ನ ಮೊದಲ ಬಾಗಿನ ಅತ್ತೆಗೇ. ಆಮೇಲೆ ಅತ್ತೆ ತಾವಾಗಿಯೇ ಹಿಂದೆ ಸರಿದರು. ಒಬ್ಬಟ್ಟು ತಟ್ಟುವುದು, ಹೂ ಕಟ್ಟುವುದು, ಗೌರಿಗೆ ಗೆಜ್ಜೆವಸ್ತ್ರ ಮಾಡುವುದು ಎಲ್ಲ ಅವರದೇ. ಬಾಗಿನದ ಹೊತ್ತಿಗೆ ಮಾತ್ರ ಅಡುಗೆಮನೆಯಲ್ಲಿ ಇರುತ್ತಿದ್ದರು. ನಾವೆಲ್ಲ ಎಷ್ಟು ಸಲ ಕರೆದರೂ, ಮಗನೇ ಹೇಳಿದರೂ, ಒಪ್ಪಲಿಲ್ಲ. “ನಮ್ಮ ಕಾಲದ್ದು ನಮಗಿರಲಿ ಬಿಡ್ರೇ” ಅನ್ನುತ್ತಿದ್ದರು.

ನಾಲ್ಕನೇ ಮಹಡಿಯಲ್ಲಿ ಹಾಸನ ಕಡೆಯ ನನ್ನ ಗೆಳತಿಯೊಬ್ಬಳಿದ್ದಾಳೆ. ಇಪ್ಪತ್ತು ವರ್ಷದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಬಾಗಿನ ಕೊಟ್ಟವರು. 2021ರ ಕೊರೊನಾದ ಎರಡನೇ ಅಲೆಯಲ್ಲಿ ಅವಳ ಗಂಡ ಹೋದರು. ಆ ವರ್ಷ ಅವಳಿಗೂ ಹಬ್ಬವಿಲ್ಲ, ನಾವೂ ಶಾಸ್ತ್ರಕ್ಕೆ ಮಾಡಿದೆವು. 2022ರಲ್ಲಿ ಹಬ್ಬಕ್ಕೆ ಒಂದು ವಾರವಿರುವಾಗ ಅವಳು ಕೆಳಗೆ ಬಂದು ಹೇಳಿದಳು, “ಅಡುಗೆಗೆ ಬರ್ತೀನಿ ಕಣೇ. ಬಾಗಿನದ ಪಟ್ಟೀಲಿ ಮಾತ್ರ ನನ್ನ ಹೆಸರು ಹಾಕಬೇಡ. ಆಮೇಲೆ ಯಾರಾದ್ರೂ ಏನಾದ್ರೂ ಅಂದ್ರೆ ನನಗೆ ತಡಕೊಳ್ಳೋಕಾಗಲ್ಲ.”

ಅತ್ತೆ ಅಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ ಕೇಳಿದರು, “ಗೌರಿ ಎಲ್ಲಿಗೆ ಬರ್ತಾಳೆ?”

“ತವರಿಗೆ” ಅಂದೆ.

“ಬಾಗಿನದ ದುಡ್ಡು ಯಾರು ಕಳಿಸೋದು?”

“ತವರಿನವರು.”

“ಮತ್ತೆ? ಗಂಡ ಸತ್ತರೆ ಮಗಳು ಮಗಳಾಗಿರಲ್ವಾ? ತವರು ಬಾಗಿಲು ಹಾಕ್ಕೊಳ್ಳುತ್ತಾ? ಇವಳಿಗೆ ಬಾಗಿನ ಕೊಡು. ಇವಳು ಬೇಡ ಅಂದ್ರೆ, ನಾನೂ ತಗೋತೀನಿ, ಆಗ ಇವಳು ಇಲ್ಲ ಅನ್ನೋದು ಹೇಗೆ ನೋಡೋಣ.”

ನಾವಿಬ್ಬರೂ ಮಾತಿಲ್ಲದೆ ಕೂತೆವು. ಹದಿನೆಂಟು ವರ್ಷ ಯಾರ ಮಾತಿಗೂ ಒಪ್ಪದಿದ್ದ ಹೆಂಗಸು, ತನಗಾಗಿ ಅಲ್ಲ, ಇನ್ನೊಬ್ಬಳಿಗಾಗಿ ತಮ್ಮ ನಿಯಮ ಮುರಿದರು. ಅವರಿಗೆ ಆಗ ಎಂಬತ್ತು. ಅವರ ಮಾತಿಗೆ ಇನ್ನೊಂದು ಹಿನ್ನೆಲೆಯೂ ಇತ್ತು. ಆ ವರ್ಷದ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಎಂಬ ಹಳ್ಳಿಯ ಗ್ರಾಮಸಭೆ ಒಂದು ನಿರ್ಣಯ ಮಾಡಿತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಸುವುದು ತಮ್ಮ ಊರಿನಲ್ಲಿ ಇನ್ನಿಲ್ಲ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಗ್ರಾಮ ಪಂಚಾಯತಿಗಳೂ ಇದನ್ನು ಅನುಸರಿಸಲಿ ಎಂದು ಸುತ್ತೋಲೆ ಹೊರಡಿಸಿತು. ಟಿ.ವಿ.ಯಲ್ಲಿ ಬಂದ ಆ ಸುದ್ದಿಯನ್ನು ಕಾಕೂ ನಮ್ಮ ಅತ್ತೆಗೆ ಅರ್ಧ ಮರಾಠಿ, ಅರ್ಧ ಸನ್ನೆಯಲ್ಲಿ ವಿವರಿಸಿದ್ದರು. ನಮ್ಮ ಗಡಿಯ ಪಕ್ಕದ ಮರಾಠಿ ಹಳ್ಳಿಯೊಂದರ ತೀರ್ಮಾನ ಹೀಗೆ ಎದುರು ಮನೆಯ ಬಾಗಿಲಿನಿಂದ ನಮ್ಮ ಗೌರಿಯ ಮುಂದೆ ಬಂದು ಕೂತಿತು. ಹಲವು ಸಂಸ್ಕೃತಿಯ ಊರಿನಲ್ಲಿ ಇರುವುದರಿಂದ ಸಿಗುವ ಲಾಭ ಎಂದರೆ ನನ್ನ ಮಟ್ಟಿಗೆ ಇದು.

ಆ ಗೌರಿ ಹಬ್ಬದಂದು ಮೊದಲ ಬಾಗಿನ ಅತ್ತೆಗೆ, ಎರಡನೆಯದು ಗೆಳತಿಗೆ. ಗೆಳತಿ ಮೊರ ಹಿಡಿದುಕೊಂಡಾಗ ಕೈ ನಡುಗುತ್ತಿತ್ತು. ಅತ್ತೆ ಮಾತ್ರ ಮೊರದ ಮುಚ್ಚಳ ಎತ್ತಿ ನೋಡಿ “ರವಿಕೆ ಕಣದ ಬಣ್ಣ ಚೆನ್ನಾಗಿಲ್ಲ” ಎಂದರು.

ಇದರಿಂದ ಎಲ್ಲರೂ ಸಂತೋಷಪಟ್ಟರು ಎಂದು ಹೇಳಿದರೆ ಅದು ಧಾರಾವಾಹಿಯ ಕಥೆಯಾಗುತ್ತದೆ. ಊರಿನಿಂದ ನೆಂಟರೊಬ್ಬರು ಫೋನ್ ಮಾಡಿ “ಬೊಂಬಾಯಿಗೆ ಹೋದ ಮೇಲೆ ಶಾಸ್ತ್ರ ಎಲ್ಲ ಮರೆತಿರಾ” ಎಂದು ಕೇಳಿದರು. ಪ್ರತಿ ವರ್ಷ ಬರುತ್ತಿದ್ದ ಒಬ್ಬರು ಅಲ್ಲಿಂದೀಚೆಗೆ ಬಾಗಿನಕ್ಕೆ ಬಂದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಹೆಸರೂ ನನ್ನ ಪಟ್ಟಿಯಲ್ಲಿ ಹಾಗೇ ಇದೆ, ಪ್ರತಿ ವರ್ಷ ಕರೆಯುತ್ತೇನೆ. ತವರು ಎಂದ ಮೇಲೆ ಮುನಿಸಿಕೊಂಡವರಿಗೂ ಬಾಗಿಲು ತೆರೆದಿರಬೇಕಲ್ಲ.

ಬಾಗಿಲು ತೆರೆಯುವುದೆಂದರೆ ಬಂದವರ ಮೇಲೆ ನಮ್ಮದನ್ನು ಹೇರುವುದಲ್ಲ ಎಂಬುದನ್ನೂ ಹೇಳಬೇಕು. ಕೆಳಗಿನ ಆಂಟಿ ಬರುತ್ತಾರೆ, ಹೂ ತೆಗೆದುಕೊಳ್ಳುತ್ತಾರೆ, ಬಳೆ ತೊಡುತ್ತಾರೆ, ಎರಡು ಒಬ್ಬಟ್ಟು ತಿಂದು ಎರಡು ಕಟ್ಟಿಸಿಕೊಳ್ಳುತ್ತಾರೆ. ಕುಂಕುಮ ಇಟ್ಟುಕೊಳ್ಳುವುದಿಲ್ಲ. ನಾನು ಬಟ್ಟಲು ಮುಂದೆ ಹಿಡಿಯುವುದಿಲ್ಲ, ಅವರು ಬೇಡ ಅನ್ನಬೇಕಾದ ಪ್ರಸಂಗವೇ ಬರುವುದಿಲ್ಲ. ಪಕ್ಕದ ಬೆನ್ ಉಪವಾಸದಲ್ಲಿರುವಾಗ ಅವರ ಕೈಗೆ ಕೋಸಂಬರಿ ಕೊಟ್ಟರೆ ಅದು ಉಪಚಾರವಲ್ಲ, ಉಪದ್ರ. ಅವರಿಗೆ ತೆಂಗಿನಕಾಯಿ, ರವಿಕೆ ಕಣ. ಪಾರಣೆಯಾದ ಮೇಲೆ ಸೂರ್ಯ ಮುಳುಗುವುದಕ್ಕೆ ಮೊದಲು ತಿನ್ನುವಂತೆ ಒಬ್ಬಟ್ಟು. ಸಂವತ್ಸರಿಯ ದಿನ ಅವರೇ ಬಂದು ಕೈಮುಗಿದು ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು. ಲಿಫ್ಟಿನ ವಿಷಯಕ್ಕೆ, ಚಪ್ಪಲಿ ಸ್ಟ್ಯಾಂಡಿನ ವಿಷಯಕ್ಕೆ ವರ್ಷವಿಡೀ ಕಿತ್ತಾಡುವ ನಮ್ಮ ಕಟ್ಟಡಕ್ಕೆ ಆ ಒಂದು ದಿನ ಬಹಳ ಉಪಕಾರ ಮಾಡುತ್ತದೆ.

ಅವರ ಬಾಗಿಲಿಗೆ ನಾವೂ ಹೋಗಬೇಕು, ಅದು ಇನ್ನರ್ಧ. ಐದನೇ ಮಹಡಿಯಲ್ಲಿ ಕೊಂಕಣದ ಕಡೆಯವರ ಮನೆಯಿದೆ. ಅವರ ಗೌರಿಗೆ ಮೀನು, ಏಡಿಯ ನೈವೇದ್ಯ. ಕೊಂಕಣದ ಹಲವು ಮನೆಗಳಲ್ಲಿ ಆ ಪದ್ಧತಿ ಇದೆ. ನಾವು ಸಸ್ಯಾಹಾರಿಗಳು. ಮೊದಲ ಸಲ ಹೋಗಬೇಕಾದಾಗ ಅತ್ತೆಯನ್ನು ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಮಗಳು ತವರಿಗೆ ಬಂದಾಗ ಅವಳಿಗೆ ಏನು ಇಷ್ಟವೋ ಅದನ್ನ ತಾನೇ ಮಾಡೋದು. ಆ ತವರಲ್ಲಿ ಅವಳಿಗೆ ಮೀನು ಇಷ್ಟ. ಹೋಗಿ ಬಾ” ಎಂದರು. ಹೋದೆ. ಆ ಮನೆಯವರು ನನಗೆಂದೇ ಪೇಡೆಯ ತಟ್ಟೆ ಬೇರೆ ಇಟ್ಟಿದ್ದರು. ಅವರು ನಮ್ಮ ಬಗ್ಗೆ ಅಷ್ಟು ಯೋಚಿಸಿದ್ದರು ಎನ್ನುವುದೇ ನನಗೆ ಪ್ರಸಾದವಾಯಿತು.

ನನ್ನ ಮಗಳು ಪುಣೆಯಲ್ಲಿ ಮರಾಠಿ ಮನೆಯ ಸೊಸೆ. ಅವಳಿಗೆ ಈಗ ಎರಡು ಗೌರಿ. “ಅಮ್ಮಾ, ಎರಡೂ ಮಾಡಲೇಬೇಕಾ? ಆಫೀಸಿನಲ್ಲಿ ರಜೆ ಇಲ್ಲ” ಎಂದು ಮೊದಲ ವರ್ಷ ಕೇಳಿದಳು. ನಾನು ಹೇಳಿದ್ದು, “ಅತ್ತೆ ಮನೆಯ ಗೌರಿಗೆ ಅತ್ತೆಯ ಜೊತೆ ನಿಲ್ಲು. ನಮ್ಮ ಗೌರಿಗೆ ದಾರ ಕಟ್ಟಿಕೊಂಡು, ನಾನು ಕಳಿಸಿದ ಬಾಗಿನದಲ್ಲಿ ಒಂದನ್ನು ನಿಮ್ಮ ಅತ್ತೆಗೆ ಕೊಟ್ಟು ಆಫೀಸಿಗೆ ಹೋಗು. ಒಬ್ಬಟ್ಟು ಅಂಗಡಿಯಿಂದ ಬಂದರೂ ಗೌರಿಗೆ ಬೇಜಾರಿಲ್ಲ.” ಹಬ್ಬವನ್ನು ಹೊರೆ ಮಾಡಿ ಕೊಟ್ಟರೆ ಮಕ್ಕಳು ಇಳಿಸಿ ಹೋಗುತ್ತಾರೆ. ಹಗುರ ಮಾಡಿ ಕೊಟ್ಟರೆ ಹೊತ್ತುಕೊಂಡು ಹೋಗುತ್ತಾರೆ. ಈಗ ಅವಳ ಅತ್ತೆ ಆಗಸ್ಟ್ ಬಂದರೆ ಸಾಕು, ನಮ್ಮ ಗೌರಿ ಯಾವಾಗ ಎಂದು ತಾವೇ ಕ್ಯಾಲೆಂಡರ್ ನೋಡುತ್ತಾರಂತೆ.

ಮಾತು ಮುಗಿಸುವ ಮೊದಲು ನಮ್ಮ ಮಹಿಳಾ ವಿಭಾಗದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಮೊದಲನೆಯದು, ಸಂಘದ ಸಾಮೂಹಿಕ ಗೌರಿ ಪೂಜೆಯ ಕರೆಯೋಲೆಯಲ್ಲಿ ‘ಮುತ್ತೈದೆಯರಿಗೆ ಬಾಗಿನ’ ಎಂದು ಬರೆಯುತ್ತೇವೆ. ಈ ವರ್ಷ ‘ಹೆಣ್ಣುಮಕ್ಕಳೆಲ್ಲರಿಗೂ ಬಾಗಿನ’ ಎಂದು ಬರೆಯೋಣ. ಒಂದೇ ಪದದ ಬದಲಾವಣೆ. ಆ ಒಂದು ಪದ ಓದಿ ಎಷ್ಟು ಜನ ಮನೆಯಲ್ಲೇ ಉಳಿಯುತ್ತಿದ್ದಾರೋ ನಮಗೆ ಕಾಣುವುದಿಲ್ಲ, ಏಕೆಂದರೆ ಅವರು ಬಂದೇ ಇರುವುದಿಲ್ಲ. ಮದುವೆಯಾಗದವರು, ಗಂಡನಿಂದ ಬೇರೆಯಾದವರು, ಗಂಡನನ್ನು ಕಳೆದುಕೊಂಡವರು, ಎಲ್ಲರೂ ಯಾರದೋ ಮಗಳೇ.

ಎರಡನೆಯದು, ಬಾಗಿನದ ಸಾಮಾನು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬೆರಳುದ್ದದ ಬಾಚಣಿಗೆ, ಮುಖವೇ ಕಾಣದ ಕನ್ನಡಿ, ಮಗುವಿನ ಕೈಗೂ ಹಿಡಿಸದ ಬಳೆ ಇರುತ್ತದೆ. ಹಬ್ಬದ ಮಾರನೇ ದಿನ ಅದು ಕಸದ ಬುಟ್ಟಿಗೆ. ಐದು ಮೊರದ ಬದಲು ಎರಡೇ ಕೊಡಿ, ಆದರೆ ತಲೆ ಬಾಚುವಂಥ ಬಾಚಣಿಗೆ, ಹೊಲಿಸಿಕೊಳ್ಳುವಂಥ ರವಿಕೆ ಕಣ, ಅನ್ನವಾಗುವಂಥ ಅಕ್ಕಿ ಇಡಿ. ತವರಿನವರು ಮಗಳಿಗೆ ಆಟದ ಸಾಮಾನು ಕಳಿಸುವುದಿಲ್ಲ.

ಮೂರನೆಯದು, ಪ್ರತಿಯೊಬ್ಬರೂ ಈ ಸಲ ಕನ್ನಡ ಬಾರದ ಒಬ್ಬ ನೆರೆಯವರನ್ನು ಮನೆಗೆ ಕರೆದು, ಗೌರಿ ಯಾರು, ಯಾಕೆ ಬಂದಿದ್ದಾಳೆ ಎಂದು ನಿಮಗೆ ತಿಳಿದ ಭಾಷೆಯಲ್ಲಿ ಹೇಳಿ. ಮಕ್ಕಳ ಎದುರಿಗೇ ಹೇಳಿ. ನಮ್ಮ ಮಕ್ಕಳು ನಾವು ಉಪದೇಶ ಮಾಡಿದಾಗ ಮೊಬೈಲ್ ನೋಡುತ್ತಾರೆ. ಪಕ್ಕದ ಮನೆಯ ಆಂಟಿಗೆ ನಾವು ತಡವರಿಸಿಕೊಂಡು ಹಿಂದಿಯಲ್ಲಿ ಕಥೆ ಹೇಳುವಾಗ ಮಾತ್ರ ತಿದ್ದಲಿಕ್ಕಾದರೂ ಕಿವಿಗೊಡುತ್ತಾರೆ. ಕಥೆ ಹಾಗೆಯೇ ಅವರದಾಗುತ್ತದೆ.

ಈ ಊರಿನಲ್ಲಿ ಹೆಚ್ಚಿನವರಿಗೆ ತವರು ದೂರವೇ. ಯಾರದೋ ತಿಪಟೂರು, ಯಾರದೋ ದರ್ಭಾಂಗಾ, ಯಾರದೋ ಸಾತಾರಾ, ಇನ್ನಾರದೋ ಬಂಟ್ವಾಳ. ರಜೆ ಸಿಗುವುದಿಲ್ಲ, ಟಿಕೆಟ್ ಸಿಗುವುದಿಲ್ಲ, ಕೆಲವರಿಗೆ ಹೋಗಲು ಅಲ್ಲಿ ಯಾರೂ ಉಳಿದಿಲ್ಲ. ಅಂಥ ಊರಿನಲ್ಲಿ ವರ್ಷಕ್ಕೊಂದು ದಿನವಾದರೂ ಒಬ್ಬರಿಗೊಬ್ಬರು ತವರಾಗಲು ಗೌರಿ ನಮಗೆ ನೆಪ ಕೊಡುತ್ತಾಳೆ.